ನಾಮಫಲಕದ ಚರಿತ್ರೆ: ಒಂದು ಹಾಸ್ಯ ಚಿತ್ರಕಥೆಯಲ್ಲಿ ಗಡಿನಾಡ ಕನ್ನಡತನ

ರಿಷಬ್ ಶೆಟ್ಟಿ ಬರೆದು ನಿರ್ದೇಶಿಸಿದ ‘ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ’ 2018ರ ಆಗಸ್ಟ್‌ನಲ್ಲಿ ತೆರೆಕಂಡಿತು. ಕಾಸರಗೋಡಿನ ಕನ್ನಡ ಶಾಲೆಯೊಂದಕ್ಕೆ ಕನ್ನಡವೇ ಬಾರದ ಮಲಯಾಳಂ ಅಧ್ಯಾಪಕರು ಗಣಿತ ಕಲಿಸಲು ಬರುತ್ತಾರೆ, ಮಕ್ಕಳು ಕಂಗಾಲಾಗುತ್ತಾರೆ, ಶಾಲೆಗೆ ಬೀಗ ಬೀಳುವ ಹೊತ್ತಿಗೆ ಮೈಸೂರಿನ ಅನಂತಪದ್ಮನಾಭ (ಅನಂತನಾಗ್) ನ್ಯಾಯಾಲಯದಲ್ಲಿ ಅವರ ಪರ ನಿಲ್ಲುತ್ತಾನೆ. ಕಥೆ ಇಷ್ಟೇ.

ಇದರ ಹಿಂದಿನ ಚರಿತ್ರೆ ಮಾತ್ರ ನಗೆಯದಲ್ಲ. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಸೇರಿದಾಗ ಅದರ ಭಾಗವಾಗಿದ್ದ ಕಾಸರಗೋಡು ತಾಲೂಕು ಕೇರಳದ ಪಾಲಾಯಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಮೈಸೂರಿಗೆ ಕೊಡಬೇಕೆಂದು ಗಡಿ ವಿವಾದ ಪರಿಶೀಲಿಸಿದ ಮಹಾಜನ ಆಯೋಗ 1967ರಲ್ಲಿ ಶಿಫಾರಸು ಮಾಡಿದರೂ ಅದು ಜಾರಿಗೆ ಬರಲಿಲ್ಲ. ಕವಿ ಕಯ್ಯಾರ ಕಿಞ್ಞಣ್ಣ ರೈ ಅವರಂಥವರು ವಿಲೀನದ ಬೇಡಿಕೆಗೆ ಜೀವಮಾನವನ್ನೇ ಕೊಟ್ಟರು.

ಚಿತ್ರಕಥೆ ಈ ಭಾರವನ್ನು ನೇರವಾಗಿ ಹೊರುವುದಿಲ್ಲ. ಅದರ ಜಾಣತನ ಶೀರ್ಷಿಕೆಯಲ್ಲೇ ಇದೆ. ಕರಾವಳಿಯ ಶಾಲೆಯ ಗೇಟು, ಬಸ್ ತಂಗುದಾಣ, ಬೆಂಚು, ಫ್ಯಾನಿನ ರೆಕ್ಕೆ, ಎಲ್ಲೆಂದರಲ್ಲಿ ದಾನಿಯ ಹೆಸರು ಬರೆಸುವುದು ರೂಢಿ. ಅಂಥ ಫಲಕವನ್ನೇ ಸಿನಿಮಾದ ಹೆಸರಾಗಿಸಿದಾಗ ಚರಿತ್ರೆ ಆಯೋಗದ ವರದಿಯಿಂದ ಇಳಿದು ಊರವರು ಕಟ್ಟಿಕೊಂಡ ಆಸ್ತಿಯ ರೂಪ ಪಡೆಯುತ್ತದೆ. ಹಕ್ಕು ಕೇಳುವವರಿಗೆ ನಕ್ಷೆ ಬೇಕಿಲ್ಲ, ಈ ಕಟ್ಟಡ ಸಾಕು.

1949ರ ಬ್ರಿಟಿಷ್ ಹಾಸ್ಯಚಿತ್ರ ‘ಪಾಸ್‌ಪೋರ್ಟ್ ಟು ಪಿಮ್ಲಿಕೊ’ ಇದಕ್ಕೆ ತದ್ವಿರುದ್ಧ. ಟಿ.ಇ.ಬಿ. ಕ್ಲಾರ್ಕ್ ಬರೆದ ಆ ಚಿತ್ರಕಥೆಯಲ್ಲಿ ಸಿಡಿಯದೆ ಉಳಿದಿದ್ದ ಬಾಂಬೊಂದು ಸಿಡಿದು ಹಳೆಯ ರಾಜಶಾಸನ ಹೊರಬೀಳುತ್ತದೆ. ಅದರ ಪ್ರಕಾರ ಲಂಡನ್ನಿನ ಒಂದು ಮೊಹಲ್ಲಾ ಬರ್ಗಂಡಿ ದೇಶವಾಗಿಬಿಡುತ್ತದೆ. ಪ್ರತ್ಯೇಕವಾದಷ್ಟೂ ಅಲ್ಲಿಯವರ ಇಂಗ್ಲಿಷ್ ಹಟ ಹೆಚ್ಚುತ್ತದೆ. ಕ್ಲಾರ್ಕ್‌ಗೆ ದಾಖಲೆಯೇ ನಗೆಯ ಮೂಲ. ರಿಷಬ್‌ಗೆ ದಾಖಲೆ ಹೊರಗಿನ ಹಿನ್ನೆಲೆ. ಎರಡರಲ್ಲೂ ಎದುರಾಳಿ ಮಾತ್ರ ಒಬ್ಬನೇ: ಕಚೇರಿ.

ಕನ್ನಡಿಗನ ಗುಣಚಿತ್ರಣದಲ್ಲಿ ಚಿತ್ರ ಇನ್ನೂ ಧಾರಾಳಿ. ಇಲ್ಲಿ ವೀರರಿಲ್ಲ. ದಡ್ಡನೆಂದು ಹೆಸರಾದ ಪ್ರವೀಣ, ಗೆಲ್ಲುವುದಕ್ಕಿಂತ ಗದ್ದಲದಲ್ಲೇ ಹೆಚ್ಚು ಸುಖ ಕಾಣುವ ಭುಜಂಗ (ಪ್ರಕಾಶ್ ತುಮಿನಾಡ್), ಇಂಥವರೇ ಭಾಷೆಯ ಕಾವಲುಗಾರರು. ಪ್ರವೀಣನ ಗೆಳೆಯನೊಬ್ಬನ ಹೆಸರು ಮಮ್ಮುಟ್ಟಿ. ಕನ್ನಡ ಶಾಲೆ ಉಳಿಸುವ ಕಥೆಯೊಳಗೆ ಮಲಯಾಳಂ ತಾರೆಯ ಹೆಸರನ್ನು ಓಡಾಡಿಸಿ, ಭಾಷಾಭಿಮಾನವನ್ನು ನೆರೆಯವರ ದ್ವೇಷವಾಗಲು ಬಿಡದಿರುವುದು ಬರವಣಿಗೆಯ ಹದ. ಕೊನೆಯ ನ್ಯಾಯಾಲಯದ ದೃಶ್ಯದಲ್ಲಿ ಈ ಹದ ತುಸು ಸಡಿಲುತ್ತದೆ: ಅನಂತನಾಗ್ ಅವರ ಮಾತು ರಂಜಿಸುತ್ತದೆ, ಆದರೆ ಹುಡುಗರು ಸ್ವತಃ ತೋರಿಸಿಕೊಟ್ಟದ್ದನ್ನು ಹಿರಿಯರೊಬ್ಬರು ಭಾಷಣವಾಗಿ ಒಪ್ಪಿಸುತ್ತಾರೆ.

66ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಇದು ಅತ್ಯುತ್ತಮ ಮಕ್ಕಳ ಚಿತ್ರವಾಯಿತು. ಕಾಸರಗೋಡಿನ ಶಾಲೆಯಾಗಿ ತೆರೆಯ ಮೇಲೆ ಕಾಣುವುದು ಗಡಿಯ ಈಚೆಗಿನ, ದಕ್ಷಿಣ ಕನ್ನಡ ಜಿಲ್ಲೆಯ ಕೈರಂಗಳದ ಸರ್ಕಾರಿ ಶಾಲೆ. ಮಲಯಾಳಂ ಅಧ್ಯಾಪಕರ ಕಾಟವಿಲ್ಲದ ಆ ಊರಲ್ಲೂ ಮಕ್ಕಳ ಸಂಖ್ಯೆ ಕುಸಿದಿತ್ತು. ಚಿತ್ರದ ನಂತರ ರಿಷಬ್ ಆ ಶಾಲೆಯನ್ನು ದತ್ತು ತೆಗೆದುಕೊಂಡರು. ಕರ್ನಾಟಕದೊಳಗಿನ ಈ ಕುಸಿತಕ್ಕೆ ಮಾತ್ರ ಚಿತ್ರಕಥೆಯಲ್ಲಿ ಪಾತ್ರವಿಲ್ಲ.