ಪ್ಲೇಗೂ ಬೆಂಗಳೂರಿನ ಹೊಸ ಬಡಾವಣೆಗಳೂ

"ಇಲಿ ಬಿತ್ತು" ಎಂಬ ಮಾತು ಕಿವಿಗೆ ಬಿದ್ದೊಡನೆ ಮನೆಗೆ ಬೀಗ ಹಾಕಿ, ಊರ ಹೊರಗೆ ಗುಡಿಸಲು ಕಟ್ಟಿಕೊಂಡು ಜನ ದಿನ ನೂಕಿದ ಕಾಲವೊಂದಿತ್ತು. ಆ ಭೀತಿಯು ನಗರದ ರೂಪವನ್ನೇ ಹೇಗೆ ಮಾರ್ಪಡಿಸಿತೆಂಬುದಕ್ಕೆ ಬೆಂಗಳೂರು ಉತ್ತಮ ನಿದರ್ಶನ.

1896ರಲ್ಲಿ ಮುಂಬಯಿಯಲ್ಲಿ ತಲೆದೋರಿದ ಪ್ಲೇಗು 1898ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರನ್ನು ಮುಟ್ಟಿತು. ದಂಡು ಪ್ರದೇಶವೂ ಸೇರಿ 1891ರಲ್ಲಿ 1,80,366 ಇದ್ದ ಜನಸಂಖ್ಯೆ 1901ರಲ್ಲಿ 1,59,046ಕ್ಕೆ ಇಳಿಯಿತು. ಇದರಲ್ಲಿ ನಗರಭಾಗವೊಂದೇ 80,285ರಿಂದ 69,447ಕ್ಕೆ ಕುಗ್ಗಿತ್ತು. ಈ ಇಳಿತವನ್ನೆಲ್ಲ ಸಾವೆಂದು ಎಣಿಸುವುದು ತಪ್ಪು. ಹಳ್ಳಿಗಳಿಗೆ ಓಡಿಹೋದವರೂ ಅದರಲ್ಲಿ ಸೇರಿದ್ದಾರೆ. 1911ರ ವೇಳೆಗೆ ಒಟ್ಟು ಸಂಖ್ಯೆ 1,89,485ಕ್ಕೆ ಏರಿದ್ದುದೇ ಇದಕ್ಕೆ ಆಧಾರ.

ಬಸವನಗುಡಿ ಮಲ್ಲೇಶ್ವರಗಳು ಪ್ಲೇಗಿನಿಂದ ಹುಟ್ಟಿದವೆಂಬ ಮಾತು ಪೂರ್ಣ ಸತ್ಯವಲ್ಲ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಆಡಳಿತದಲ್ಲಿ, 1890ರ ದಶಕದ ಆರಂಭದಲ್ಲಿಯೇ ಅವುಗಳ ಯೋಜನೆಯಾಗಿತ್ತು. ಆದರೆ ಪೇಟೆಯ ಇಕ್ಕಟ್ಟನ್ನು ಬಿಟ್ಟು ಅಲ್ಲಿಗೆ ಹೋಗುವಂತೆ ಜನರನ್ನು ಅಟ್ಟಿದ್ದು ಪ್ಲೇಗು. ನೇರವಾದ ಬೀದಿ, ಮನೆಯ ಸುತ್ತ ತೆರಪು, ಹಿತ್ತಿಲ ಹಿಂದೆ ಮಲ ಸಾಗಿಸಲು ಸಂದಿ: ಗಾಳಿ ಬೆಳಕುಗಳೇ ರೋಗಕ್ಕೆ ಮದ್ದೆಂಬ ನಂಬಿಕೆಯ ಫಲವಿದು.

ಅಷ್ಟರಲ್ಲಿ ವಿಜ್ಞಾನ ಮುಂದೆ ಸಾಗಿತು. ಇಲಿಯ ಮೈಮೇಲಿನ ಚಿಗಟವೇ ರೋಗವಾಹಕವೆಂದು 1898ರಲ್ಲಿ ಸಿಮೋನ್ ತೋರಿಸಿದನು. 1905ರಲ್ಲಿ ಆರಂಭವಾದ ಸಂಶೋಧನೆಗಳು ಅದನ್ನು ದೃಢಪಡಿಸಿದವು. ಆದ್ದರಿಂದ 1910ರ ಸುಮಾರಿಗೆ ದಂಡಿನಲ್ಲಿ ಎದ್ದ ಫ್ರೇಜರ್ ಟೌನಿನಲ್ಲಿ ಗಾಳಿ ಬೆಳಕುಗಳ ಜೊತೆಗೆ, ಇಲಿ ನೆಲೆಸಲಾಗದ ಮನೆಗಳ ಯೋಚನೆಯೂ ಸೇರಿತು. ಅಲ್ಲಿನ ಎಂಜಿನಿಯರ್ ಸ್ಟೀಫನ್ಸ್ 1914ರಲ್ಲಿ ಈ ವಿಷಯವಾಗಿ ಗ್ರಂಥವನ್ನೇ ಬರೆದನು.

ಆದರೆ ಈ ಆರೋಗ್ಯ ಯಾರ ಪಾಲಿಗೆ? ಹೊಸ ಬಡಾವಣೆಗಳಲ್ಲಿ ಜಾತಿಮತಗಳನ್ನು ನೋಡಿ ವಿಭಾಗಗಳನ್ನು ಗೊತ್ತುಮಾಡಿದ್ದರು. ಮನೆ ಕಟ್ಟುವ ಶಕ್ತಿಯಿದ್ದವರು ಮುಂಬಾಗಿಲಿನಿಂದ ಒಳಹೊಕ್ಕರು. ಹೊಲಸು ಹೊತ್ತವರು ಹಿಂದಿನ ಸಂದಿಯಲ್ಲಿಯೇ ನಡೆದರು. ಆ ಸಂದಿಯಿಲ್ಲದೆ ಬಡಾವಣೆಯ ನೈರ್ಮಲ್ಯವಿರಲಿಲ್ಲ. ಬಡಾವಣೆಯ ಗಾಳಿ ಬೆಳಕು ಮಾತ್ರ ಅವರಿಗೆ ದಕ್ಕಲಿಲ್ಲ.

ರಾಜ್ಯದ ಎಲ್ಲೆಗೆ ರೋಗ ನಿಲ್ಲಲಿಲ್ಲವಾದ್ದರಿಂದ ಈ ಚರಿತ್ರೆ ಗಡಿಯಾಚೆಯ ನಮ್ಮ ಊರುಗಳಿಗೂ ಸೇರಿದ್ದು. ಹಳೆಯ ಶಾಲೆಗಳ ಹಾಜರಿ ಪುಸ್ತಕಗಳು ಉಳಿದಿದ್ದರೆ ಉಪಾಧ್ಯಾಯಮಿತ್ರರು ಆ ವರ್ಷಗಳ ಪುಟಗಳನ್ನು ತೆರೆದು ನೋಡಬೇಕು. ಜನಗಣತಿಯ ಮೊತ್ತದಲ್ಲಿ ಕಾಣದ ಮಕ್ಕಳ ಹೆಸರುಗಳು ಅಲ್ಲಿ ಸಿಕ್ಕಾವು.