ಮನಿ ಪ್ಲಾಂಟ್ ಬಂದ ದಾರಿ

ಸೂರತ್ತಿನ ವರಾಛಾದಲ್ಲಿ ವಜ್ರಕ್ಕೆ ಸಾಣೆ ಹಿಡಿಯುವವರ ಮನೆಯಿರಲಿ, ನಮ್ಮಂಥ ಪರಸ್ಥಳದ ನೌಕರರ ಮನೆಯಿರಲಿ, ಗ್ಯಾಲರಿಯಲ್ಲೊಂದು ಗಾಜಿನ ಸೀಸೆ, ಅದರಲ್ಲೊಂದು ಮನಿ ಪ್ಲಾಂಟ್ ಬಳ್ಳಿ ಸಾಮಾನ್ಯ ದೃಶ್ಯ. ಬಳ್ಳಿ ಹಬ್ಬಿದಂತೆ ಹಣವೂ ಹಬ್ಬುವುದೆಂಬ ನಂಬಿಕೆ ಇಲ್ಲಿಯೂ ಉಂಟು, ನಮ್ಮ ಕಡೆಯೂ ಉಂಟು. ಕೊಂಡು ತಂದರೆ ಫಲವಿಲ್ಲ, ಕದ್ದೇ ತರಬೇಕೆಂದೂ ಹೇಳುತ್ತಾರೆ. (ಈ ಮಾತನ್ನು ನರ್ಸರಿಯವರಂತೂ ಹುಟ್ಟಿಸಿರಲಾರರು!) 2008ರ ಆರ್ಥಿಕ ಹಿಂಜರಿತದಲ್ಲಿ ಇಲ್ಲಿನ ವಜ್ರದ ಕಾರ್ಖಾನೆಗಳು ಮುಚ್ಚಿ ಸಾವಿರಾರು ಕೆಲಸಗಾರರು ಸೌರಾಷ್ಟ್ರದ ತಮ್ಮ ಹಳ್ಳಿಗಳಿಗೆ ಮರಳಿದರು. ಬಳ್ಳಿಯೇನೂ ಅವರ ಕೈಹಿಡಿಯಲಿಲ್ಲ. ಆದುದರಿಂದ ಹಣದ ಮಾತು ಬಿಟ್ಟು ಇದು ಬಂದ ದಾರಿಯನ್ನು ನೋಡೋಣ.

1880ರಲ್ಲಿ ಬೆಲ್ಜಿಯಮ್ಮಿನ ಪ್ರಸಿದ್ಧ ಸಸ್ಯವ್ಯಾಪಾರಿ ಲಿಂಡೆನ್ ಮತ್ತು ಅವನ ಜೊತೆಗಾರ ಆಂದ್ರೆ ಇದಕ್ಕೆ ‘ಪೋಥಾಸ್ ಆರಿಯಸ್’ ಎಂದು ಹೆಸರಿಟ್ಟರು. ಆರಿಯಸ್ ಎಂದರೆ ಹೊನ್ನಿನ ಬಣ್ಣದ್ದು. ಎಲೆಯ ಮೇಲಿನ ಹಳದಿ ಪಟ್ಟೆಗಳೇ ಇದಕ್ಕೆ ಕಾರಣ. ತವರು ಸಾಲೊಮನ್ ದ್ವೀಪಗಳೆಂದು ದಾಖಲಾಯಿತು. ಅದು ತಪ್ಪು. ನಿಜವಾದ ತವರು ಪೆಸಿಫಿಕ್ ಸಾಗರದಲ್ಲಿ ತಾಹಿತಿಯ ಪಕ್ಕದ ಮೋರಿಯಾ ದ್ವೀಪ. ಇದು ಸ್ಪಷ್ಟವಾಗಲು ನೂರು ವರ್ಷಕ್ಕೂ ಹೆಚ್ಚು ಬೇಕಾಯಿತು.

ಹೆಸರಂತೂ ಕಚೇರಿಯ ಕಡತದಂತೆ ಮೇಜಿನಿಂದ ಮೇಜಿಗೆ ಅಲೆಯಿತು. ಪೋಥಾಸ್ ಹೋಗಿ ಸಿಂಡಾಪ್ಸಸ್ ಆಯಿತು. ಸಸ್ಯದ ಕುಲ ನಿರ್ಣಯಕ್ಕೆ ಹೂವು ಬೇಕು. ಈ ಬಳ್ಳಿಯೋ ಹೂವನ್ನೇ ಬಿಡದು. 1962ರಲ್ಲಿ ಅಪೂರ್ವವಾಗಿ ಹೂವು ಕಂಡಾಗ ರಾಫಿಡೋಫೋರಾ ಎಂದರು. ಕೊನೆಗೆ 1964ರಲ್ಲಿ ಎಪಿಪ್ರೆಮ್ನಮ್ ಆರಿಯಮ್ ಎಂದಾಯಿತು. ನಾವು ಬಿ.ಎಸ್ಸಿ. ಓದುವಾಗಲೂ ಹಳೆಯ ಪುಸ್ತಕಗಳಲ್ಲಿ ಸಿಂಡಾಪ್ಸಸ್ಸೇ ಇತ್ತು.

ಹೂವು ಏಕಿಲ್ಲ? ಗಿಬ್ಬರೆಲಿನ್ ಎಂಬ ಹಾರ್ಮೋನನ್ನು ತಯಾರಿಸುವ ಒಂದು ಜೀನ್ ಇದರಲ್ಲಿ ಕೆಲಸ ಮಾಡುವುದಿಲ್ಲವೆಂದು 2016ರ ಸಂಶೋಧನೆ ತೋರಿಸಿತು. ಆ ಹಾರ್ಮೋನನ್ನು ಹೊರಗಿನಿಂದ ಸಿಂಪಡಿಸಿದರೆ ಹೂ ಬಿಡುತ್ತದೆ. ಹೂವಿಲ್ಲ, ಬೀಜವಿಲ್ಲ; ಹಾಗಾಗಿ ದೇಶದಿಂದ ದೇಶಕ್ಕೆ, ಮನೆಯಿಂದ ಮನೆಗೆ ಹೋದದ್ದೆಲ್ಲ ಮನುಷ್ಯರ ಕೈಯಲ್ಲಿ, ಗೆಣ್ಣಿನ ತುಂಡಾಗಿ. ಕದ್ದ ತುಂಡಾದರೂ ಸರಿ, ಕೊಂಡ ತುಂಡಾದರೂ ಸರಿ, ಗೆಣ್ಣಿದ್ದರೆ ಚಿಗುರುತ್ತದೆ.

‘ಚೀನೀ ಮನಿ ಪ್ಲಾಂಟ್’ ಎಂಬ ಇನ್ನೊಂದು ಗಿಡವಿದೆ, ನಾಣ್ಯದಂಥ ದುಂಡೆಲೆಯ ಪಿಲಿಯಾ. ಇದರ ಕಥೆ ಇನ್ನೂ ಸ್ವಾರಸ್ಯ. ನಾರ್ವೆಯ ಪಾದ್ರಿ ಆಗ್ನಾರ್ ಎಸ್ಪೆಗ್ರೆನ್ 1944ರಲ್ಲಿ ಯುದ್ಧದ ದೆಸೆಯಿಂದ ಚೀನದ ಹುನಾನ್ ಪ್ರಾಂತ ಬಿಟ್ಟು ಯುನ್ನಾನಿಗೆ ಬಂದ. ಅಲ್ಲಿ ಸಿಕ್ಕ ಈ ಗಿಡವನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಸಂಸಾರ ಸಮೇತ ಕಲ್ಕತ್ತೆ ಸೇರಿದ. ಭಾರತದಲ್ಲಿ ಕೆಲಕಾಲವಿದ್ದು 1946ರಲ್ಲಿ ಊರು ಮುಟ್ಟಿದಾಗಲೂ ಗಿಡ ಬದುಕಿತ್ತು. ಹೋದಲ್ಲೆಲ್ಲ ಮರಿಗಿಡಗಳನ್ನು ಹಂಚಿದ. ಅವು ಕಿಟಕಿಯಿಂದ ಕಿಟಕಿಗೆ ಹರಡಿ ಇಂಗ್ಲೆಂಡನ್ನೂ ಮುಟ್ಟಿದವು. ಅಲ್ಲಿನ ಕ್ಯೂ ಉದ್ಯಾನದ ಪಂಡಿತರಿಗೆ ಗಿಡದ ಹೆಸರು ಗೊತ್ತಾದದ್ದು 1978ರಲ್ಲಿ. ಬಂದ ದಾರಿ ಆಗಲೂ ಗೊತ್ತಿರಲಿಲ್ಲ. ಪತ್ರಿಕೆಯಲ್ಲಿ ವಿಚಾರಿಸಿದಾಗ ಒಂದು ಕುಟುಂಬ, ನಮಗೆ ನಾರ್ವೆಯಿಂದ ಬಂತು ಎಂದು ಬರೆಯಿತು. ಸ್ವೀಡನ್ನಿನಲ್ಲಿ ಟೆಲಿವಿಷನ್ ಮೂಲಕ ಕೇಳಿದ್ದಕ್ಕೆ ಸಾವಿರಾರು ಪತ್ರಗಳು ಬಂದವು. ಹೀಗೆ ಎಸ್ಪೆಗ್ರೆನ್ನನ ಹೆಸರು ಹೊರಬಿತ್ತು. ಸಾಮಾನ್ಯ ಮನೆಗಳ ನೆನಪೇ ಇಲ್ಲಿ ದಾಖಲೆಯಾಯಿತು.

ನಮ್ಮ ಬಳ್ಳಿಗೆ ಅಂಥ ಲೆಕ್ಕವನ್ನು ಯಾರೂ ಇಟ್ಟಿಲ್ಲ. ಧಾರವಾಡದಿಂದಲೋ ಶಿವಮೊಗ್ಗದಿಂದಲೋ ಒದ್ದೆ ಬಟ್ಟೆಯಲ್ಲಿ ಸುತ್ತಿ, ರೈಲಿನಲ್ಲಿ ಗುಜರಾತಿಗೆ ತಂದ ತುಂಡು ಯಾರ ಮನೆಯಲ್ಲಾದರೂ ಇದ್ದೀತು. ಯಾರು ಕೊಟ್ಟರು, ಯಾವ ವರ್ಷ, ಇಲ್ಲಿ ಅದರ ತುಂಡು ಮತ್ತೆ ಯಾರ ಮನೆ ಸೇರಿತು ಎಂಬುದು ನೆನಪಿರುವ ಓದುಗರು ನಾಲ್ಕು ಸಾಲು ಬರೆದು ಸಂಪಾದಕರಿಗೆ ಕಳಿಸಬೇಕಾಗಿ ವಿನಂತಿ. ಹಿರಿಯರಿದ್ದಾಗಲೇ ಕೇಳಿ ಬರೆದಿಟ್ಟರೆ ಒಳ್ಳೆಯದು. ಕದ್ದವರು ಹೆಸರು ತಿಳಿಸಬೇಕಾಗಿಲ್ಲ.