ಊರೆಲ್ಲ ಹೂಂ ಅಂದಾಗ: ಬಾಗೇವಾಡಿಯಿಂದ ಕಲ್ಯಾಣದವರೆಗೆ

ಊರ ಕಟ್ಟೆಯ ಮೇಲೆ ಹಿರಿಯರು ಒಂದು ಮಾತು ಹೇಳುತ್ತಾರೆ. ಮೊದಲನೆಯವರು ಹೂಂ ಅಂತಾರೆ, ಎರಡನೆಯವರೂ ಹೂಂ ಅಂತಾರೆ. ನಮ್ಮ ಪಾಳಿ ಬರುವ ಹೊತ್ತಿಗೆ ಮನಸ್ಸಿನಲ್ಲಿ 'ಇದು ಬರೋಬರಿ ಅಲ್ಲ' ಅಂತ ಇದ್ದರೂ ಬಾಯಿ ಹೂಂ ಅಂದುಬಿಡುತ್ತದೆ. ಮನೆಗೆ ಬಂದು, 'ಊರ ಮಂದಿ ಜೋಡಿ ಬಾಳೇವು ಮಾಡಬೇಕಲ್ಲ' ಎಂದು ಸಮಾಧಾನ ಮಾಡಿಕೊಳ್ಳುತ್ತೇವೆ.

ಇದು ಇಂದಿನ ಸಂಕಟವಲ್ಲ. ದೇವಣಗಾಂವದ ಸೇತುವೆಯ ಕೆಳಗೆ ಹರಿಯುವ ಭೀಮೆ ಮಂಗಳವೇಡೆ ಸೀಮೆಯನ್ನು ದಾಟಿ ಬಂದವಳು. ಈಗ ಸೊಲ್ಲಾಪುರ ಜಿಲ್ಲೆಯಲ್ಲಿರುವ ಆ ಮಂಗಳವೇಡೆ 12ನೇ ಶತಮಾನದಲ್ಲಿ ಕಲಚೂರಿ ಬಿಜ್ಜಳನ ಊರು. ನಮ್ಮ ಈ ಭಾಗಕ್ಕೆ ಆಗ ತರ್ದವಾಡಿ ನಾಡು ಎಂಬ ಹೆಸರಿತ್ತು. ಬೆಳಗಾವಿ ಜಿಲ್ಲೆಯ ಅರ್ಜುನವಾಡದಲ್ಲಿ ಸಿಕ್ಕ 1260ರ ಶಾಸನ, ಬಸವಣ್ಣ ಇದೇ ತರ್ದವಾಡಿಯ ಬಾಗೇವಾಡಿಯ ಮಾದಿರಾಜನ ಮಗ ಎನ್ನುತ್ತದೆ.

ಆ ಹುಡುಗನ ಮುಂಜಿವೆಯ ಕಥೆ ನಮಗೆಲ್ಲ ಗೊತ್ತು. ಆದರೆ ಹಳೆಯ ಕವಿಗಳು ಅದನ್ನು ಒಂದೇ ರೀತಿ ಹೇಳುವುದಿಲ್ಲ. ಹರಿಹರನ ರಗಳೆಯಲ್ಲಿ ಬೆಳೆದ ಬಸವಣ್ಣ ತಾನೇ ಜನಿವಾರ ಕಿತ್ತು ಊರು ಬಿಡುತ್ತಾನೆ. 1369ರಲ್ಲಿ ಭೀಮಕವಿ ಬರೆದ ಬಸವಪುರಾಣದಲ್ಲಿ ಬಾಲಕನೇ ಮುಂಜಿವೆ ಒಲ್ಲೆ ಎನ್ನುತ್ತಾನೆ. ಎರಡರಲ್ಲೂ ಒಂದು ಮಾತು ಸಮ. ಮನೆತನ, ಓಣಿ, ಊರು ಎಲ್ಲ ಒಂದು ಕಡೆ, ಹುಡುಗ ಇನ್ನೊಂದು ಕಡೆ. ಜನ ನೆನಪಿಟ್ಟುಕೊಂಡ ಕಥೆಯಲ್ಲಿ ಅವನ ಪಕ್ಕ ಒಬ್ಬಳಿದ್ದಾಳೆ, ಅಕ್ಕ ನಾಗಮ್ಮ.

ಆ ಒಬ್ಬಳ ಬೆಲೆ ಎಷ್ಟು ಎಂಬುದನ್ನು ಎಂಟು ನೂರು ವರ್ಷಗಳ ನಂತರ ಅಮೆರಿಕದಲ್ಲಿ ಅಳೆದು ನೋಡಿದರು. 1950ರ ದಶಕದಲ್ಲಿ ಸಾಲೊಮನ್ ಆಶ್ ಎಂಬ ಮನಃಶಾಸ್ತ್ರಜ್ಞ ಗುಂಪಿಗೆ ಗೆರೆಗಳನ್ನು ತೋರಿಸಿ, ಯಾವ ಗೆರೆ ಯಾವುದಕ್ಕೆ ಸಮ ಎಂದು ಕೇಳಿದ. ಗುಂಪಿನಲ್ಲಿ ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಅವನು ಮೊದಲೇ ಹೇಳಿಕೊಟ್ಟವರು. ಅವರು ಬೇಕಂತಲೇ ತಪ್ಪು ಉತ್ತರ ಹೇಳಿದರು. ಕಣ್ಣಿಗೆ ಸರಿ ಕಾಣುತ್ತಿದ್ದರೂ ನಾಲ್ವರಲ್ಲಿ ಮೂವರು ಒಂದು ಸಲವಾದರೂ ಗುಂಪಿನ ಜೋಡಿ ಹೋದರು. ಆದರೆ ಗುಂಪಿನಲ್ಲಿ ಇನ್ನೊಬ್ಬರು ಸರಿಯಾದ ಉತ್ತರ ಹೇಳಿದರೆ ಸಾಕು, ಮೂರಕ್ಕೆ ಒಂದರಷ್ಟಿದ್ದ ತಪ್ಪು ನೂರಕ್ಕೆ 5ರ ಆಸುಪಾಸಿಗೆ ಇಳಿಯಿತು.

ಬಾಗೇವಾಡಿಯಲ್ಲಿ ಒಬ್ಬಳು ಅಕ್ಕ ಕೊಟ್ಟ ಬಲವನ್ನು ಕಲ್ಯಾಣದಲ್ಲಿ ಒಂದು ಕೂಟವೇ ಕೊಟ್ಟಿತು. ಅಲ್ಲಿ ಸಮಗಾರ, ಅಂಬಿಗ, ಮಡಿವಾಳ, ಬ್ರಾಹ್ಮಣ ಒಟ್ಟಿಗೆ ಕೂತು ಮಾತಾಡಿದರು. ತಮ್ಮ ಕೇರಿಯಲ್ಲಿ ಒಂಟಿಯಾಗಿದ್ದವರಿಗೆ ಇಲ್ಲಿ ಜೊತೆ ಸಿಕ್ಕಿತು. ಸಮಗಾರ ಹರಳಯ್ಯನ ಮಗನಿಗೆ ಬ್ರಾಹ್ಮಣ ಮಧುವರಸನ ಮಗಳನ್ನು ಕೊಟ್ಟರು ಎನ್ನುವ ಮದುವೆ ಆ ಧೈರ್ಯದ ಫಲ.

ಆಮೇಲೆ ಬಿಜ್ಜಳನ ಅಪ್ಪಣೆ ಬಂತು. ಬೀಗರಿಬ್ಬರ ಕಣ್ಣು ಕೀಳಿಸಿದರು ಎಂದು ಒಂದು ಕಥೆ, ಆನೆಯ ಕಾಲಿಗೆ ಕಟ್ಟಿ ಎಳೆಸಿದರು ಎಂದು ಇನ್ನೊಂದು. ನಾವು ಬಿಜ್ಜಳನನ್ನು ಬೈದು ಸುಮ್ಮನಾಗುತ್ತೇವೆ. ಆದರೆ ಹಗ್ಗ ಕಟ್ಟಿದ್ದು ಬಿಜ್ಜಳನ ಕೈಯಲ್ಲ. ಕಟ್ಟಿದವರು ಸಂಬಳದ ಆಳುಗಳು. ಆನೆ ನಡೆಸಿದವನು ಮಾವುತ. ಬೀದಿಯ ಎರಡೂ ಬದಿ ನಿಂತು ನೋಡಿದ ಮಂದಿಯೂ ಇದ್ದಿರಬೇಕು. ಅವರ ಹೆಸರು ಯಾವ ಪುರಾಣದಲ್ಲೂ ಇಲ್ಲ.

ಇಂಥ ಆಳುಗಳ ಮನಸ್ಸನ್ನೇ 1961ರಿಂದ ಸ್ಟ್ಯಾನ್ಲಿ ಮಿಲ್‌ಗ್ರಾಂ ಪರೀಕ್ಷಿಸಿದ. ತಪ್ಪು ಉತ್ತರ ಕೊಟ್ಟವನಿಗೆ ಕರೆಂಟಿನ ಶಾಕ್ ಕೊಡಿ, ಪ್ರತಿ ಸಲ ಹೆಚ್ಚಿಸಿ ಎಂದು ಆತ ಸಾಮಾನ್ಯ ಜನರಿಗೆ ಹೇಳಿಸಿದ. ಶಾಕ್ ಸುಳ್ಳು, ಆದರೆ ಕೊಡುವವರಿಗೆ ಅದು ಗೊತ್ತಿರಲಿಲ್ಲ. 40 ಮಂದಿಯಲ್ಲಿ 26 ಮಂದಿ ಕೊನೆಯ 450 ವೋಲ್ಟ್‌ವರೆಗೂ ಹೋದರು. ಇನ್ನೊಂದು ಸಲ, ಪಕ್ಕದಲ್ಲಿ ಕೂತ ಇಬ್ಬರು 'ನಾವು ಒಲ್ಲೆವು' ಎಂದು ಎದ್ದು ಹೋಗುವಂತೆ ಮಾಡಿದ. ಆಗ ಕೊನೆಯವರೆಗೆ ಹೋದವರು 40ರಲ್ಲಿ 4 ಮಂದಿ ಮಾತ್ರ.

ಒಂದು ಮಾತನ್ನು ಮುಚ್ಚಿಡಬಾರದು. ಗುಂಪಿನ ಒತ್ತಡ ಅರಮನೆಯ ಕಡೆ ಮಾತ್ರ ಇರಲಿಲ್ಲ. ಬಿಜ್ಜಳನನ್ನು ಕೊಂದನೆಂದು ಹೇಳುವ ಜಗದೇವನನ್ನು, ಯಾಕೆ ಇನ್ನೂ ಸುಮ್ಮನಿದ್ದೀ ಎಂದು ಅವನ ತಾಯಿಯೇ ಹಂಗಿಸಿದಳು ಎನ್ನುತ್ತದೆ ಪುರಾಣ. ನ್ಯಾಯದ ಪರ ನಿಂತ ಗುಂಪೂ ತನ್ನವನನ್ನು ಹೀಗೆ ನೂಕಬಲ್ಲದು. ಆದ್ದರಿಂದ ಯಾವ ಗುಂಪಿನಲ್ಲಿದ್ದರೂ 'ತಡಿ, ಒಮ್ಮೆ ವಿಚಾರ ಮಾಡೋಣ' ಅನ್ನುವವರು ಒಬ್ಬರು ಬೇಕು.

ಇದನ್ನೆಲ್ಲ ಈಗ ಯಾಕೆ ಬರೆಯುತ್ತಿದ್ದೇವೆ? 2017ರಲ್ಲಿ ನಮ್ಮದೇ ಜಿಲ್ಲೆಯಲ್ಲಿ, ಬೇಲಿ ದಾಟಿ ಮದುವೆಯಾದ ಗರ್ಭಿಣಿಯೊಬ್ಬಳನ್ನು ಅವಳ ಮನೆಯವರೇ ಸುಟ್ಟು ಕೊಂದರು. ಬಸವಣ್ಣ ಹುಟ್ಟಿದ ಜಿಲ್ಲೆ ಇದು. ಕೊಲ್ಲುವವರೆಗೆ ಹೋಗದ ಊರುಗಳಲ್ಲೂ ಬಹಿಷ್ಕಾರದ ಹೆದರಿಕೆ ಇದೆ. ಅವರ ಮನೆಗೆ ಹೋಗಬ್ಯಾಡ, ಕೆಲಸಕ್ಕೆ ಕರೀಬ್ಯಾಡ, ಅಂಗಡಿಯಲ್ಲಿ ಸಾಮಾನು ಕೊಡಬ್ಯಾಡ. ನೆರೆಯ ಮಹಾರಾಷ್ಟ್ರ ಇದನ್ನು ತಡೆಯಲೆಂದೇ 2016ರ ಕಾನೂನು ತಂದಿದೆ. ಪರಿಶಿಷ್ಟ ಜಾತಿ, ಪಂಗಡದವರ ಮೇಲೆ ಬಹಿಷ್ಕಾರ ಹಾಕುವುದು, ಹಾಕುತ್ತೇವೆಂದು ಹೆದರಿಸುವುದು 2015ರ ತಿದ್ದುಪಡಿಯಿಂದ ದೇಶದೆಲ್ಲೆಡೆ ಅಪರಾಧ.

ಆದರೆ ಪೊಲೀಸರು ಬರುವ ಮೊದಲು ಕಟ್ಟೆಯ ಮೇಲೆ ಇರುವವರು ನಾವೇ. ಎಲ್ಲರೂ ಬಸವಣ್ಣ ಆಗಲಾರೆವು. ನಾಗಮ್ಮ ಆಗಬಹುದು. ಮುಂದಿನ ಸಲ ಯಾರಾದರೂ ಒಬ್ಬರು ಅಂಜುತ್ತಲೇ 'ಇದು ಬರೋಬರಿ ಅಲ್ಲ' ಅಂದರೆ, ನೆಲ ನೋಡುತ್ತ ಕೂಡುವುದು ಬೇಡ. 'ಹೌದು, ನನಗೂ ಹಂಗ ಅನಸ್ತದ' ಅನ್ನೋಣ.